ಮನೋರಮಾ ಹಗ್ಗ ದಾಟಿದ್ದು

ಪೆರ್ಡೂರಿನ ಶಾಲೆಯಲ್ಲಿ ಐದನೆಯ ತರಗತಿ ಓದುತ್ತಿದ್ದಾಗ, ಪಕ್ಕದವಳೊಡನೆ ಮಾತಾಡಿದಳೆಂದು ಮಾಸ್ತರರು ಮನೋರಮಾಳನ್ನು ಒಮ್ಮೆ ಹೊರಗಿನ ಜಗಲಿಯಲ್ಲಿ ನಿಲ್ಲಿಸಿದರು. ಸ್ವಲ್ಪ ಹೊತ್ತಿನ ಬಳಿಕ ಹಾಜರಿ ಕರೆದರು. ಅವಳು ಜಗಲಿಯಿಂದಲೇ ಓಗೊಟ್ಟಳು. ಒಳಗೆ ಇಲ್ಲದವರಿಗೆ ಹಾಜರಿ ಇಲ್ಲ ಎಂದು ಮಾಸ್ತರರು ಗೈರು ಬರೆದುಕೊಂಡರು. ಹುಡುಗಿ ಕಿಟಕಿಯ ಸರಳು ಹಿಡಿದು ಕೇಳಿದಳು: “ಇಲ್ಲಿ ನಿಲ್ಲಿಸಿದವರು ನೀವೇ. ಇವಳು ಬರಲೇ ಇಲ್ಲ ಅಂತ ಬರೆಯುವವರೂ ನೀವೇ. ಹಾಗಾದರೆ ಇಷ್ಟು ಹೊತ್ತು ಬಿಸಿಲಲ್ಲಿ ನಿಂತವಳು ಯಾರು?”

ಉತ್ತರದ ಬದಲು ಬೆತ್ತದ ಪೆಟ್ಟು ಸಿಕ್ಕಿತು. ಅಂಗೈ ಊದಿಸಿಕೊಂಡು ಮನೆಗೆ ಬಂದವಳ ತಾಯಿ, ಈ ನಾಲಗೆ ಇಟ್ಟುಕೊಂಡು ಇವಳು ಯಾರ ಮನೆಯಲ್ಲಿ ಬಾಳುತ್ತಾಳೋ ಎಂದು ತಲೆ ಚಚ್ಚಿಕೊಂಡಳು.

ಬಾಳಿದಳು. ಹತ್ತೊಂಬತ್ತನೆಯ ವಯಸ್ಸಿಗೆ ಕಾಪುವಿನ ಶೇಖರನ ಕೈಹಿಡಿದು ಬಂದಳು. ಶೇಖರ ಉಡುಪಿಯ ತಾಲೂಕು ಕಚೇರಿಯಲ್ಲಿ ಗುಮಾಸ್ತ. ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುವ, ಮೇಲಿನವರ ಮುಖ ನೋಡಿ ತನ್ನ ಮುಖ ಹೊಂದಿಸಿಕೊಳ್ಳುವ ಸಾಧು ಮನುಷ್ಯ. ಮನೋರಮಾ ಹೊಲಿಗೆ ಕಲಿತು, ಮನೆಯ ಚಾವಡಿಯಲ್ಲಿ ಮೆಷಿನು ಹಾಕಿಕೊಂಡಳು. ಸುತ್ತಲಿನ ಹೆಂಗಸರ ರವಕೆ, ಶಾಲೆಯ ಮಕ್ಕಳ ಚಡ್ಡಿ, ಇಗರ್ಜಿಯ ಮದುವೆಗಳ ಬಿಳಿ ಗೌನು, ಎಲ್ಲವೂ ಅವಳ ಸೂಜಿಯ ಕೆಳಗೆ ಹಾದುಹೋಗುತ್ತಿದ್ದವು.

ಬೇಲಿಯಾಚೆಯ ಮನೆ ಸೋಫಿಯಾಳದು. ಅವಳ ಗಂಡ ಇಮ್ಯಾನುಯೆಲ್ ಮುಂಬಯಿಯಲ್ಲಿ ಹಡಗಿನ ಅಡಿಗೆಯವನು. ವರ್ಷಕ್ಕೊಮ್ಮೆ ಬಂದರೆ ಬಂದ. ಸೋಫಿಯಾ ಮನೆಯ ಹಿಂದೆ ಮಲ್ಲಿಗೆ ಬೆಳೆಸಿದ್ದಳು. ನಸುಕಿಗೇ ಮೊಗ್ಗು ಬಿಡಿಸಿ, ಬಾಳೆಯ ನಾರಿನಲ್ಲಿ ಕಟ್ಟಿ, ಬುಟ್ಟಿ ತಲೆಯ ಮೇಲಿಟ್ಟು ಹೂ ಮಾರುವ ಕಟ್ಟೆಗೆ ನಡೆದುಕೊಂಡು ಹೋಗುತ್ತಿದ್ದಳು. ಮೈಲಿಗಟ್ಟಲೆ ದಾರಿ. ಅವಳ ನಡಿಗೆ ಎಷ್ಟು ಬೀಸು ಎಂದರೆ ಜೊತೆಗೆ ಹೊರಟವರು ಓಡಬೇಕಾಗುತ್ತಿತ್ತು. ಮನೋರಮಾಳ ಮಾತು ತುಳು, ಸೋಫಿಯಾಳದು ಕೊಂಕಣಿ. ಸೋಫಿಯಾಳಿಗೆ ತುಳು ಚೆನ್ನಾಗಿ ಬರುತ್ತಿತ್ತು, ಮನೋರಮಾಳಿಗೆ ಕೊಂಕಣಿ ಅರ್ಥವಾಗುತ್ತಿತ್ತು. ಬೇಲಿಯ ಮೇಲಿನ ಮಾತುಕತೆಗೆ ಅಷ್ಟು ಸಾಕಿತ್ತು. ಕನ್ನಡ ಇಬ್ಬರಿಗೂ ಶಾಲೆಯ, ಕಚೇರಿಯ, ಭಾಷಣದ ಮಾತು.

ಚೀನದ ಯುದ್ಧ ಬಂದಾಗ ಊರಿನ ಹೆಂಗಸರೆಲ್ಲ ಜವಾನರಿಗೆ ಸ್ವೆಟರು ಹೆಣೆಯಬೇಕೆಂದು ಮೇಲಿನಿಂದ ಆಜ್ಞೆಯಾಯಿತು. ಉಣ್ಣೆಯ ಮೂಟೆ ಬಂತು, ಹೆಣೆಯುವ ಕಡ್ಡಿ ಬರಲಿಲ್ಲ. ಕಾಪುವಿನ ಸೆಕೆಯಲ್ಲಿ ಹುಟ್ಟಿ ಬೆಳೆದ ಯಾವ ಹೆಂಗಸೂ ಸ್ವೆಟರನ್ನು ಕಣ್ಣಲ್ಲಿ ಕಂಡವಳಲ್ಲ. ಮನೋರಮಾ ಬೆತ್ತ ಸೀಳಿ ಕಡ್ಡಿ ಮಾಡಿಸಿದಳು, ಸೋಫಿಯಾ ಕಾನ್ವೆಂಟಿನ ಸಿಸ್ಟರೊಬ್ಬರಿಂದ ಹೆಣಿಗೆ ಕಲಿತು ಬಂದು ಉಳಿದವರಿಗೆ ಕಲಿಸಿದಳು. ಅಷ್ಟೆಲ್ಲ ಆಗಿ, ಹೆಣೆದದ್ದನ್ನು ಒಯ್ಯಲು ಯಾರೂ ಬರಲಿಲ್ಲ. ಕಚೇರಿಯ ಮೂಲೆಯಲ್ಲಿ ಆ ಗಂಟನ್ನು ಇಲಿ ತಿಂದಿತು. ಶೇಖರನೇ ಆ ಸುದ್ದಿ ತಂದವನು. ತಂದದ್ದಕ್ಕೆ ಪಶ್ಚಾತ್ತಾಪಪಟ್ಟವನೂ ಅವನೇ, ಯಾಕೆಂದರೆ ಆ ರಾತ್ರಿ ಹೆಂಡತಿ ಅವನಿಗೆ ಬಡಿಸುವಾಗ ಸಟ್ಟುಗದ ಸದ್ದು ಬೀದಿಗೆ ಕೇಳುತ್ತಿತ್ತು.

“ಅಲ್ಲಿ ಹಿಮದಲ್ಲಿ ಹುಡುಗರು ಸೆಟೆದು ಸಾಯುವಾಗ ಇಲ್ಲಿ ಇಲಿಗೆ ಸ್ವೆಟರು,” ಎಂದಳು. “ಇದಕ್ಕೆ ಎಂತ ಹೇಳುವುದು?”

“ಹೇಳುವುದು ಬೇಡ,” ಎಂದ ಶೇಖರ.

ಅರವತ್ತೈದರಲ್ಲಿ ಮತ್ತೆ ಯುದ್ಧ ಬಂತು, ಈ ಸಲ ಪಾಕಿಸ್ತಾನದೊಡನೆ. ಪಶ್ಚಿಮ ಕರಾವಳಿಯ ಮೇಲಕ್ಕೆಲ್ಲೋ ದ್ವಾರಕೆಯ ಮೇಲೆ ಕಡಲಿನಿಂದ ಗುಂಡು ಬಿತ್ತೆಂದು ರೇಡಿಯೋದಲ್ಲಿ ಕೇಳಿದ ಮೇಲೆ ಕಾಪುವಿನವರಿಗೂ ಕಡಲನ್ನು ನೋಡುವಾಗ ಎದೆ ಸ್ವಲ್ಪ ಜೋರಾಗಿ ಬಡಿಯತೊಡಗಿತು. ಕದನವಿರಾಮವಾದ ಮೇಲೂ ಸರಕಾರ ಎಚ್ಚರ ಬಿಡಲಿಲ್ಲ. ತಾಲೂಕಿಗೊಂದು ನಾಗರಿಕ ರಕ್ಷಣಾ ಸಮಿತಿ ಹುಟ್ಟಿತು. ಅದಕ್ಕೆ ದೊಡ್ಡ ವರ್ತಕರೊಬ್ಬರು ಅಧ್ಯಕ್ಷರಾದರು. ಸೈನ್ಯದಿಂದ ನಿವೃತ್ತರಾದ ಕ್ಯಾಪ್ಟನ್ ಒಬ್ಬರನ್ನು ಯೋಜನೆ ಮಾಡಲಿಕ್ಕೆ ಕರೆಸಿದರು. ಬಿಳಿ ಮೀಸೆ, ಇಸ್ತ್ರಿ ಮುರಿಯದ ಖಾಕಿ, ಕಂಕುಳಲ್ಲಿ ಒಂದು ಸಣ್ಣ ಬೆತ್ತ.

ಕ್ಯಾಪ್ಟನ್ ಶಾಲೆಯ ಕರಿಹಲಗೆಯ ಮೇಲೆ ಇಡೀ ಕರಾವಳಿಯನ್ನು ಬಣ್ಣದ ಸೀಮೆಸುಣ್ಣದಲ್ಲಿ ಬಿಡಿಸಿದರು. ಶತ್ರು ಎಲ್ಲಿಂದ ಬರುತ್ತಾನೆ, ಬಾಂಬು ಎಲ್ಲಿ ಬೀಳುತ್ತದೆ, ಗಾಯಾಳುಗಳನ್ನು ಯಾರು ಎತ್ತುತ್ತಾರೆ, ಬೆಂಕಿಯನ್ನು ಯಾರು ಆರಿಸುತ್ತಾರೆ. ಮನೋರಮಾ ಮೊದಲ ಸಾಲಿನಲ್ಲಿ ಕುಳಿತು ಕೇಳಿದಳು. ಅವಳಿಗೆ ಮನುಷ್ಯ ಹಿಡಿಸಿದರು. ಮಾತು ನೇರ, ಕೆಲಸ ಅಚ್ಚುಕಟ್ಟು. ಮಹಿಳಾ ಪ್ರಥಮ ಚಿಕಿತ್ಸಾ ದಳಕ್ಕೆ ಹೆಸರು ಕೊಟ್ಟಳು. ಮುರಿದ ಕೈಗೆ ದಬ್ಬೆ ಕಟ್ಟುವುದು, ರಕ್ತ ನಿಲ್ಲಿಸುವುದು, ಸ್ಟ್ರೆಚರನ್ನು ಅಲುಗಾಡಿಸದೆ ಒಯ್ಯುವುದು, ಎಲ್ಲವನ್ನೂ ಕಲಿತಳು. ದಳದವರ ಸಮವಸ್ತ್ರವನ್ನೂ ತಾನೇ ಹೊಲಿದಳು. ಕ್ಯಾಪ್ಟನ್ ಅವಳನ್ನು ದಳದ ಮುಖ್ಯಸ್ಥೆಯಾಗಿ ಮಾಡಿದರು.

ನವೆಂಬರಿನಲ್ಲಿ ಅಣಕು ದಾಳಿ ನಡೆಸುವುದೆಂದು ಗೊತ್ತಾಯಿತು. ಜಿಲ್ಲೆಯಿಂದ ದೊಡ್ಡ ಅತಿಥಿಗಳು ಬಂದು ನೋಡುವವರು. ಕಡಲಿಗೆ ಹತ್ತಿರದ ಕೊಯ್ಲಾದ ಗದ್ದೆಯಲ್ಲಿ ಅಡಕೆಮರದ ಕಂಬ, ಹಳೆಯ ಮರದ ತೊಲೆ, ತೆಂಗಿನ ಮಡಲು, ಹೆಂಚು ಎಲ್ಲ ಸೇರಿಸಿ ಒಂದು ಮನೆ ಕಟ್ಟಿದರು. ಜಾತ್ರೆಯ ಸಿಡಿಮದ್ದು ಗರ್ನಾಲನ್ನು ಸಿಡಿಸುವುದು, ಅದು ಬಾಂಬು. ಗಂಡು ಮಕ್ಕಳು ಹಗ್ಗ ಎಳೆದು ಮನೆ ಬೀಳಿಸುವುದು. ಆಮೇಲೆ ಗಾಯಾಳುಗಳಾಗಿ ಗೊತ್ತಾದವರು ಆ ರಾಶಿಯ ಸುತ್ತ ಹೋಗಿ ಮಲಗಿ ಕೂಗುವುದು. ಸೀಟಿ ಆದ ಕೂಡಲೇ ದಳದವರು ಓಡಿ ಬಂದು ಎತ್ತಿ ಲಾರಿಗೆ ಹಾಕುವುದು.

ಗಾಯಾಳುಗಳಾಗಲು ಯಾರೂ ಒಪ್ಪಲಿಲ್ಲ. ಅಪಶಕುನ ಎಂದರು. ಮನೋರಮಾ ಬೇಲಿಯ ಹತ್ತಿರ ನಿಂತು ಸೋಫಿಯಾಳನ್ನು ಕೇಳಿದಳು.

“ನನಗೆ ಎಂತ ಮಾಡ್ಲಿಕ್ಕೆ ಉಂಟು?” ಎಂದಳು ಸೋಫಿಯಾ.

“ಮಲಗಿ ಕೂಗುವುದು. ಅಷ್ಟೇ.”

“ಮಲಗ್ಲಿಕ್ಕೆ ನನಗೆ ಯಾರೂ ಇಷ್ಟರವರೆಗೆ ಹೇಳಿರಲಿಲ್ಲ,” ಎಂದು ನಕ್ಕಳು. “ಆಯ್ತು, ಬರ್ತೇನೆ.”

ಕೂಗುವುದು ಕನ್ನಡದಲ್ಲೇ ಆಗಬೇಕು, ಅತಿಥಿಗಳಿಗೆ ಅರ್ಥವಾಗಬೇಕು ಎಂದು ಸಮಿತಿಯವರು ತಾಕೀತು ಮಾಡಿದ್ದರು. ಸೋಫಿಯಾ ಮೂರು ಸಂಜೆ ಮಲ್ಲಿಗೆಯ ಗಿಡಗಳ ನಡುವೆ ನಿಂತು ಅಭ್ಯಾಸ ಮಾಡಿದಳು: “ಅಯ್ಯೋ, ನನ್ನನ್ನು ಕಾಪಾಡಿರಿ. ನನಗೆ ಬಾಂಬು ತಗುಲಿದೆ.” ಅವಳ ಮಗಳು ಗ್ಲ್ಯಾಡಿಸ್ ನಕ್ಕೂ ನಕ್ಕೂ ಹೊಟ್ಟೆ ಹಿಡಿದುಕೊಳ್ಳುತ್ತಿದ್ದಳು.

ಆ ದಿನ ಮಧ್ಯಾಹ್ನವೇ ಊರು ಗದ್ದೆಯ ಸುತ್ತ ಸೇರಿತು. ಜನ ಒಳಗೆ ಬಾರದಂತೆ ತೆಂಗಿನ ನಾರಿನ ಹಗ್ಗ ಕಟ್ಟಿದ್ದರು. ಒಂದು ಬದಿಯಲ್ಲಿ ಚಪ್ಪರ, ಕುರ್ಚಿ, ಸೋಡಾ, ಹೂವಿನ ಹಾರ. ಇನ್ನೊಂದು ಬದಿಯಲ್ಲಿ ಗೇರುಮರದ ನೆರಳಲ್ಲಿ ಮನೋರಮಾಳ ದಳ. ಅವರೂ ಸೀಟಿಯಾಗುವವರೆಗೆ ಹಗ್ಗದ ಹೊರಗೇ. ರಸ್ತೆಯ ಹತ್ತಿರ ದೂಮಪ್ಪನ ಮೀನಿನ ಲಾರಿ, ಅದಕ್ಕೆ ಬಿಳಿ ಬಟ್ಟೆಯ ಮೇಲೆ ಕೆಂಪು ಕೂಡುಚಿಹ್ನೆ ಬರೆದು ಕಟ್ಟಿ ಅಂಬುಲೆನ್ಸ್ ಮಾಡಿದ್ದರು. ಎರ್ಮಾಳಿನ ದೂಮಪ್ಪ ನಿತ್ಯ ಮಂಗಳೂರಿಗೆ ಮೀನು ಒಯ್ಯುವವನು. ಆ ದಿನ ಸಮಿತಿಯವರು ಲಾರಿಯನ್ನೂ ಅವನನ್ನೂ ವಶಕ್ಕೆ ತೆಗೆದುಕೊಂಡಿದ್ದರು. ಗಾಯಾಳುಗಳ ಕೊರಳಿಗೆ ಚೀಟಿ ಕಟ್ಟಿದರು. ಸೋಫಿಯಾಳ ಚೀಟಿಯಲ್ಲಿ ‘ತಲೆಗೆ ಗಾಯ’ ಎಂದಿತ್ತು.

ಅತಿಥಿಗಳು ಬರಲಿಲ್ಲ. ಉಡುಪಿಯಲ್ಲಿ ಊಟ ತಡವಾಗಿದೆ ಎಂಬ ಸುದ್ದಿ ಬಂತು. ಬಿಸಿಲು ಸುಡತೊಡಗಿತು. ಕಾದು ಕಾದು ಸುಸ್ತಾದ ಗಾಯಾಳುಗಳು ನೆರಳಿಗೆಂದು ಆ ಸುಳ್ಳು ಮನೆಯ ಒಳಗೇ ಹೋಗಿ ಕುಳಿತರು. ಅಷ್ಟರಲ್ಲಿ ರಸ್ತೆಯ ತಿರುವಿನಲ್ಲಿ ಒಂದು ಕಾರು ಹಾರ್ನ್ ಮಾಡಿತು. ಅದು ಯಾರದೋ ಮದುವೆಯ ದಿಬ್ಬಣದ ಕಾರು. ಅತಿಥಿಗಳೇ ಬಂದರೆಂದು ತಿಳಿದ ಗರ್ನಾಲಿನವನು ಬತ್ತಿಗೆ ಬೆಂಕಿ ಇಟ್ಟ. ಸದ್ದು ಕೇಳಿದ್ದೇ ಹುಡುಗರು ಹಗ್ಗ ಎಳೆದರು.

ಒಳಗಿದ್ದವರು ದಿಕ್ಕಾಪಾಲಾಗಿ ಹೊರಗೆ ಹಾರಿದರು. ಜನ ಚಪ್ಪಾಳೆ ತಟ್ಟಿದರು. ಧೂಳು, ಹೊಗೆ, ನಗು. ಕ್ಯಾಪ್ಟನ್ ಕೆಂಡವಾಗಿ ಗರ್ನಾಲಿನವನನ್ನು ಬಯ್ದರು. ಮನೆಯನ್ನು ಮತ್ತೆ ಕಟ್ಟುವಂತಿರಲಿಲ್ಲ. ಆದದ್ದು ಆಯಿತು, ಎಲ್ಲರೂ ಇದ್ದಲ್ಲೇ ಮಲಗಿ, ಅತಿಥಿಗಳು ಬಂದು ಕುಳಿತ ಮೇಲೆ ಸೀಟಿಯಿಂದ ಮುಂದುವರಿಸುವ, ಅಲ್ಲಿಯವರೆಗೆ ಯಾರೂ ಅಲ್ಲಾಡಬಾರದು ಎಂದು ಆಜ್ಞೆಯಾಯಿತು. ಹೊರಗೆ ಹಾರಿದವರು ಬಂದು ರಾಶಿಯ ಸುತ್ತ ಮಲಗಿದರು. ಮಲಗಿದವರು ಕಲಿತ ಮಾತನ್ನು ಕೂಗತೊಡಗಿದರು. ಕಾಪಾಡಿರಿ, ಬಾಂಬು ತಗುಲಿದೆ, ನೀರು ಕೊಡಿರಿ.

ಆ ಕೂಗಿನ ನಡುವೆ ಮನೋರಮಾಳ ಕಿವಿಗೆ ಇನ್ನೊಂದು ದನಿ ಬಿತ್ತು.

“ದೆವಾ, ಮ್ಹಜೊ ಪಾಂಯ್. ಮಾಯೆ, ಮ್ಹಜೊ ಪಾಂಯ್.”

ದೇವರೇ, ನನ್ನ ಕಾಲು. ಮನೋರಮಾ ಒಂದು ಕ್ಷಣ ಕಿವಿಗೊಟ್ಟಳು. ಮೂರು ಸಂಜೆ ಕೇಳಿದ ಕೂಗು ಇದಲ್ಲ. ಸೋಫಿಯಾ ಕನ್ನಡವನ್ನು ಮರೆತಿದ್ದಳು. ಚೀಟಿಯಲ್ಲಿ ತಲೆಗೆ ಗಾಯ ಎಂದಿರುವವಳು ಕಾಲಿಗಾಗಿ ಕೂಗುತ್ತಿದ್ದಳು.

ಅವಳು ಕ್ಯಾಪ್ಟನ್ನರ ಬಳಿಗೆ ಓಡಿದಳು. “ಸರ್, ಸೋಫಿಯಾಳಿಗೆ ನಿಜವಾಗಿ ಪೆಟ್ಟಾಗಿದೆ. ತೊಲೆ ಬಿದ್ದಿರಬೇಕು.”

ಕ್ಯಾಪ್ಟನ್ ರಸ್ತೆಯ ಕಡೆಗೇ ನೋಡುತ್ತಿದ್ದರು. “ನಿಮ್ಮ ಜಾಗಕ್ಕೆ ಹೋಗಿ. ಸೀಟಿಯಾಗುವವರೆಗೆ ದಳ ಕದಲಬಾರದು.”

“ಅವಳು ಕೊಂಕಣಿಯಲ್ಲಿ ಕೂಗ್ತಿದ್ದಾಳೆ, ಸರ್.”

“ಕನ್ನಡದಲ್ಲಿ ಕೂಗಲು ಹೇಳಿತ್ತಲ್ಲ?”

ಮನೋರಮಾ ಅವರನ್ನು ದಿಟ್ಟಿಸಿದಳು. ಈ ಮನುಷ್ಯ ಕಿವುಡರಲ್ಲ, ಕೆಟ್ಟವರೂ ಅಲ್ಲ. ಆದರೆ ಅವರ ತಲೆಯೊಳಗಿನ ಕರಿಹಲಗೆಯಲ್ಲಿ ಈ ಗಾಯಕ್ಕೆ ಬಣ್ಣವೇ ಇರಲಿಲ್ಲ. ಅವಳು ಚಪ್ಪರಕ್ಕೆ ಹೋದಳು. ಅಧ್ಯಕ್ಷರು ಸೋಡಾ ಕುಡಿಯುತ್ತಾ ಪಕ್ಕದವರಿಗೆ ಹೇಳುತ್ತಿದ್ದರು: “ಆ ಬಾಯಮ್ಮ ಬಹಳ ಚೆನ್ನಾಗಿ ಮಾಡ್ತಾರೆ ಅಲ್ವಾ. ಆದರೆ ಚೀಟಿಯಲ್ಲಿ ತಲೆ ಅಂತ ಉಂಟು, ಅವರು ಕಾಲು ಹಿಡಿದುಕೊಂಡಿದ್ದಾರೆ. ಯಾರಾದರೂ ಹೋಗಿ ಸ್ವಲ್ಪ ಹೇಳಿ.”

“ಅದು ಆಟ ಅಲ್ಲ,” ಎಂದಳು ಮನೋರಮಾ. “ಅವಳ ಕಾಲು ಮುರಿದಿದೆ.”

“ಅತಿಥಿಗಳು ಕಟಪಾಡಿ ಹತ್ತಿರ ಬಂದಿದ್ದಾರಂತೆ. ಈಗ ಬರ್ತಾರೆ. ಅಷ್ಟರವರೆಗೆ ಸ್ವಲ್ಪ ತಡೆದುಕೊಳ್ಳಲಿಕ್ಕೆ ಹೇಳಿ ಅವರಿಗೆ.”

ಅಲ್ಲಿ ಕಚೇರಿಯ ಕೆಲಸದ ಮೇಲೆ ಶೇಖರನೂ ಇದ್ದ. ಹೂವಿನ ಹಾರಗಳಿಗೆ ನೀರು ಚಿಮುಕಿಸುತ್ತಿದ್ದ. ಅವನು ಹೆಂಡತಿಯ ಮುಖವನ್ನು ನೋಡಿದ, ಹತ್ತು ವರ್ಷದ ಸಂಸಾರದಲ್ಲಿ ಆ ಮುಖದ ಅರ್ಥವನ್ನು ಚೆನ್ನಾಗಿ ಬಲ್ಲವನಾದ್ದರಿಂದ ಕಣ್ಣು ಮುಚ್ಚಿಕೊಂಡ.

ಮನೋರಮಾ ತಿರುಗಿ ನಡೆದಳು. ಹಗ್ಗದ ಬಳಿ ನಿಲ್ಲಲಿಲ್ಲ; ಸೀರೆಯ ನೆರಿಗೆ ಎತ್ತಿ ದಾಟಿದಳು. ಗೇರುಮರದ ಕಡೆಗೆ ತಿರುಗಿ ತನ್ನ ದಳವನ್ನು ತುಳುವಿನಲ್ಲಿ ಬನ್ನಿ ಎಂದು ಕರೆದಳು: “ಬಲೆ.” ಅಕ್ಕು ಮೊದಲು ಬಂದಳು. ಅಕ್ಕು ಮೀನು ಮಾರುವ ಗಟ್ಟಿ ಹೆಂಗಸು, ಆಜ್ಞೆಗಿಂತ ಮನುಷ್ಯರ ಮಾತಿಗೆ ಬೆಲೆ ಕೊಡುವವಳು. ಅವಳ ಹಿಂದೆ ಉಳಿದವರು. ಹಿಂದಿನಿಂದ ಯಾರೋ “ಸೀಟಿ ಆಗ್ಲಿಲ್ಲ, ಸೀಟಿ ಆಗ್ಲಿಲ್ಲ” ಎಂದು ಕೂಗುತ್ತಿದ್ದರು.

ಕಾಲಿನ ಮೇಲಿನ ಮಡಲು ಸರಿಸಿದಾಗ ಕಂಡದ್ದು ಇಷ್ಟು: ಹಳೆಯ ಹಲಸಿನ ತೊಲೆ ಸೋಫಿಯಾಳ ಎಡ ಮೊಣಕಾಲಿನ ಕೆಳಗೆ ಅಡ್ಡ ಬಿದ್ದಿತ್ತು. ಪಾದ ಇರಬೇಕಾದ ದಿಕ್ಕಿನಲ್ಲಿ ಇರಲಿಲ್ಲ. ಅವಳ ಪಕ್ಕದಲ್ಲೇ ಮಲಗಿದ್ದ ಇನ್ನೊಬ್ಬ ಗಾಯಾಳು, ಚೀಟಿಯ ಪ್ರಕಾರ ಹೊಟ್ಟೆಗೆ ಗುಂಡು ತಗುಲಿದವನು, ಎದ್ದು ಕುಳಿತು ಬಿಕ್ಕಿ ಬಿಕ್ಕಿ ಅಳುತ್ತಿದ್ದ. “ನಾನು ಹೇಳಿದೆ, ಯಾರೂ ಕೇಳ್ಲಿಲ್ಲ. ನೀನೂ ಚೆನ್ನಾಗಿ ಕೂಗು ಅಂದ್ರು,” ಎಂದ.

ಅಕ್ಕು ಮತ್ತು ಇನ್ನಿಬ್ಬರು ತೊಲೆ ಎತ್ತಿದರು. ಮನೋರಮಾ ಕಲಿತದ್ದನ್ನೆಲ್ಲ ಒಂದೊಂದಾಗಿ ಮಾಡಿದಳು. ದಬ್ಬೆ ಕಟ್ಟುವಾಗ ಸೋಫಿಯಾ ಅವಳ ತೋಳನ್ನು ಕಚ್ಚಿದಳು. ಮನೋರಮಾ ಕೈ ಎಳೆದುಕೊಳ್ಳಲಿಲ್ಲ.

ಲಾರಿಯ ಬಳಿ ದೂಮಪ್ಪ ಬೀಡಿ ಸೇದುತ್ತಾ ನಿಂತಿದ್ದ. ಸ್ಟ್ರೆಚರ್ ಬರುವುದನ್ನು ಕಂಡು ಗಾಬರಿಯಾದ. “ಸೀಟಿ ಆಗದೆ ಲಾರಿ ತೆಗೆಯಬಾರದು ಅಂತ ಹೇಳಿದ್ದಾರೆ, ಅಕ್ಕ.”

“ದೂಮಪ್ಪ, ಇವಳ ಕಾಲು ನೋಡು ಮಾರಾಯ.”

ದೂಮಪ್ಪ ನೋಡಿದ. ಬೀಡಿ ಎಸೆದು ಲಾರಿ ಹತ್ತಿದ.

ಕಟಪಾಡಿಗೆ ಮುಂಚೆ ಎದುರಿನಿಂದ ಅತಿಥಿಗಳ ಕಾರು ಬಂತು. ರಸ್ತೆ ಸಪೂರ. ದೂಮಪ್ಪ ಹಾರ್ನ್ ಒತ್ತಿ ಹಿಡಿದು ನುಗ್ಗಿದ. ಕಾರು ಬದಿಗೆ ಸರಿದು ನಿಂತಿತು. ಕೆಂಪು ಕೂಡುಚಿಹ್ನೆಯ ಲಾರಿ, ಸ್ಟ್ರೆಚರು, ಸಮವಸ್ತ್ರದ ಹೆಂಗಸರು, ನರಳುವ ಗಾಯಾಳು. ಹಿಂದಿನ ಸೀಟಿನಲ್ಲಿದ್ದ ಅತಿಥಿಗಳು ಕಿಟಕಿಯಿಂದ ತಲೆ ಹೊರಗೆ ಹಾಕಿ ಎಲ್ಲವನ್ನೂ ಮೆಚ್ಚುಗೆಯಿಂದ ನೋಡಿದರು. ಆಮೇಲೆ ಕೈ ಎತ್ತಿ ಚಪ್ಪಾಳೆ ತಟ್ಟಿದರು.

ಮನೋರಮಾ ಆ ಚಪ್ಪಾಳೆಯನ್ನು ಸಾಯುವವರೆಗೂ ಕ್ಷಮಿಸಲಿಲ್ಲ. ಗರ್ನಾಲಿನವನನ್ನು ಕ್ಷಮಿಸಿದಳು, ಹಗ್ಗ ಎಳೆದ ಹುಡುಗರನ್ನು ಕ್ಷಮಿಸಿದಳು.

ಮಣಿಪಾಲದ ಆಸ್ಪತ್ರೆಯಲ್ಲಿ ಡಾಕ್ಟರು ಕಾಲನ್ನು ಉಳಿಸಿದರು. ಆದರೆ ತೊಲೆಯ ಕೆಳಗೆ ಬಹಳ ಹೊತ್ತು ಜಜ್ಜಿಹೋಗಿದ್ದರಿಂದ ಮೊದಲಿನ ಹಾಗೆ ಆಗುವುದು ಕಷ್ಟ ಎಂದರು. ಸೋಫಿಯಾ ಎರಡು ತಿಂಗಳು ಅಲ್ಲೇ ಮಲಗಿದಳು. ಗ್ಲ್ಯಾಡಿಸ್ ಮನೋರಮಾಳ ಮನೆಯಲ್ಲಿ ಉಂಡು ಮಲಗಿದಳು. ನಸುಕಿಗೆ ಎದ್ದು ಮೊಗ್ಗು ಬಿಡಿಸಲು ಮನೋರಮಾ ಹೋಗುತ್ತಿದ್ದಳು. ಹೊಲಿಗೆಯ ಕೈಗೆ ಗಿಡದ ಕೆಲಸ ಒಗ್ಗದೆ ಅರ್ಧದಷ್ಟು ಮೊಗ್ಗುಗಳು ಗಿಡದಲ್ಲೇ ಅರಳಿಹೋಗುತ್ತಿದ್ದವು.

ಮುಂದಿನ ವಾರ ಪತ್ರಿಕೆಯಲ್ಲಿ ಸುದ್ದಿ ಬಂತು. ಕಾಪುವಿನಲ್ಲಿ ಅಣಕು ದಾಳಿ ಪೂರ್ಣ ಯಶಸ್ವಿ. ಅತಿಥಿಗಳು ದಾರಿಯಲ್ಲೇ ಗಾಯಾಳುಗಳ ಸಾಗಾಟದ ವೇಗವನ್ನು ಕಂಡು ಬೆರಗಾದರು. ಅದರ ಜೊತೆಗೇ ಮನೋರಮಾಳಿಗೆ ಸಮಿತಿಯಿಂದ ಕರೆ ಬಂತು, ಆಜ್ಞೆ ಮೀರಿ ಜಾಗ ಬಿಟ್ಟದ್ದು ಯಾಕೆ ಎಂದು ಕೇಳಲಿಕ್ಕೆ. ಒಂದೇ ಕೆಲಸಕ್ಕೆ ಊರಿನೆದುರು ಹೊಗಳಿಕೆ, ಕೋಣೆಯೊಳಗೆ ಗದರಿಕೆ.

ಆ ಕೋಣೆಯಲ್ಲಿ ಅಧ್ಯಕ್ಷರು ಮಾತಾಡಿದರು, ಕ್ಯಾಪ್ಟನ್ ಸುಮ್ಮನೆ ಬೆತ್ತ ತಿರುಗಿಸುತ್ತಿದ್ದರು. ಶಿಸ್ತು ಇಲ್ಲದಿದ್ದರೆ ದೇಶರಕ್ಷಣೆ ಹೇಗೆ, ನಿಜವಾದ ಯುದ್ಧದಲ್ಲಿ ಎಲ್ಲರೂ ಹೀಗೆ ತಮಗೆ ತೋಚಿದ ಕಡೆಗೆ ಓಡಿದರೆ ಗತಿಯೇನು ಎಂದು ಅಧ್ಯಕ್ಷರು ಕೇಳಿದರು.

“ನನ್ನದು ಒಂದೇ ಪ್ರಶ್ನೆ,” ಎಂದಳು ಮನೋರಮಾ. “ನಿಮ್ಮ ಯೋಜನೆಯಲ್ಲಿ ಸುಳ್ಳು ಗಾಯಾಳುಗಳಿಗೆಲ್ಲ ಒಂದೊಂದು ಚೀಟಿ ಉಂಟು. ನಿಜವಾಗಿ ಪೆಟ್ಟಾದವರು ಎಂತ ಮಾಡಬೇಕು? ಯಾರಿಗೆ ಹೇಳಬೇಕು, ಹೇಗೆ ಹೇಳಬೇಕು? ಅದು ಎಲ್ಲಿ ಉಂಟು, ತೋರಿಸಿ.”

ಕ್ಯಾಪ್ಟನ್ನರ ಬೆತ್ತ ನಿಂತಿತು. ಅಧ್ಯಕ್ಷರು ಕೆಮ್ಮಿ, ಆಗಲಿ, ಈ ವಿಷಯ ಇಲ್ಲಿಗೇ ಬಿಡುವ ಎಂದರು. ಬಿಡಲು ಒಂದು ದಾರಿಯನ್ನೂ ಅವರೇ ಹುಡುಕಿದರು: ಡಿಸೆಂಬರಿನಲ್ಲಿ ಉಡುಪಿಯಲ್ಲಿ ನಡೆಯುವ ಸಭೆಯಲ್ಲಿ ಕಾಪುವಿನ ಮಹಿಳಾ ದಳಕ್ಕೆ ಪ್ರಶಸ್ತಿಪತ್ರ. ತ್ವರಿತ ಸಾಗಾಟಕ್ಕಾಗಿ.

ಶೇಖರ ಅಂದು ಕಚೇರಿಯಿಂದ ಬೇಗ ಬಂದ. ಚಹಾದ ಲೋಟವನ್ನು ಕೈಯಲ್ಲೇ ಇಟ್ಟುಕೊಂಡು ಬಹಳ ಹೊತ್ತು ಕುಳಿತ.

“ಪ್ರಶಸ್ತಿ ತೆಗೆದುಕೊ. ಕೈ ಮುಗಿ. ಬಾ,” ಎಂದ. “ಬೇರೆ ಎಂತದೂ ಬೇಡ. ನನ್ನ ಕೆಲಸ ಅವರ ಕೈಯಲ್ಲಿ ಉಂಟು.”

“ಸೋಫಿಯಾಳ ಕಾಲೂ ಅವರ ಕೈಯಲ್ಲೇ ಇತ್ತು,” ಎಂದಳು ಮನೋರಮಾ. ಆಮೇಲೆ ಗಂಡನ ಮುಖ ನೋಡಿ ದನಿ ತಗ್ಗಿಸಿದಳು. “ನಿಮಗೆ ತೊಂದರೆ ಆಗ್ತದೆ ಅಂತ ನನಗೂ ಗೊತ್ತುಂಟು. ಆದರೆ ಅವಳನ್ನು ಕರೆದುಕೊಂಡು ಹೋದವಳು ನಾನು. ಮಲಗಿ ಕೂಗಿದರೆ ಸಾಕು ಅಂತ ಹೇಳಿದವಳು ನಾನು. ಇನ್ನೊಬ್ಬಳನ್ನು ಹೀಗೇ ಕರೆದುಕೊಂಡು ಹೋಗಿ ಮಲಗಿಸ್ತಾರೆ. ಅವಳು ಎಂತ ಮಾಡಬೇಕು?”

ಶೇಖರ ಲೋಟವನ್ನು ತುಟಿಗೆ ಒಯ್ದ. ಚಹಾ ಆರಿತ್ತು, ಅದನ್ನೇ ಕುಡಿದ.

ಸಭೆಯಲ್ಲಿ ಜನ ತುಂಬಿದ್ದರು. ಹಾರ, ಭಾಷಣ, ಶಾಲೆಯ ಹುಡುಗಿಯರ ದೇಶಭಕ್ತಿಗೀತೆ. ಮನೋರಮಾಳ ಹೆಸರು ಕರೆದರು. ಅವಳು ವೇದಿಕೆ ಹತ್ತಿ ಪತ್ರವನ್ನು ತೆಗೆದುಕೊಂಡಳು. ಎರಡು ಮಾತು ಕೃತಜ್ಞತೆ ಹೇಳಿ ಎಂದು ಮೈಕಿನ ಕಡೆಗೆ ಕೈ ತೋರಿಸಿದರು. ಬಹುಶಃ ಅದು ಅಭ್ಯಾಸಬಲದಿಂದ ಆದ ತಪ್ಪು.

“ನಮಸ್ಕಾರ,” ಎಂದಳು. “ಈ ಪತ್ರ ಬೇಗ ಸಾಗಿಸಿದ್ದಕ್ಕೆ ಕೊಟ್ಟದ್ದು. ನಾವು ಬೇಗ ಸಾಗಿಸಲಿಲ್ಲ. ತಡವಾಗಿ ಸಾಗಿಸಿದೆವು. ತಡ ಮಾಡಿಸಿದವರು ಇಲ್ಲೇ ಕುಳಿತಿದ್ದಾರೆ. ನನ್ನ ನೆರೆಯವಳು ಸೋಫಿಯಾ ಮಣಿಪಾಲದಲ್ಲಿ ಮಲಗಿದ್ದಾಳೆ. ಅವಳ ಕಾಲು ಮುರಿದದ್ದು ಶತ್ರುವಿನಿಂದ ಅಲ್ಲ...”

ಅಧ್ಯಕ್ಷರು ಪಕ್ಕದವರ ಕಿವಿಯಲ್ಲಿ ಏನೋ ಹೇಳಿದರು. ಅವರು ಹಾಡುವ ಹುಡುಗಿಯರಿಗೆ ಸನ್ನೆ ಮಾಡಿದರು. ಹುಡುಗಿಯರು ಎದ್ದು ನಿಂತು ರಾಷ್ಟ್ರಗೀತೆ ಆರಂಭಿಸಿಬಿಟ್ಟರು.

ಸಭೆ ಎದ್ದು ನಿಂತಿತು. ಮನೋರಮಾಳೂ ಮಾತು ನಿಲ್ಲಿಸಿ, ಕೈ ಇಳಿಬಿಟ್ಟು, ನೆಟ್ಟಗೆ ನಿಂತಳು. ದೇಶದ ಹಾಡನ್ನು ತನ್ನ ಬಾಯಿಗೆ ಬಟ್ಟೆ ತುರುಕಲು ಬಳಸಿದ್ದು ಅವಳಿಗೆ ತಿಳಿಯದೆ ಇರಲಿಲ್ಲ. ಆದರೂ ಹಾಡಿನ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಕೊನೆಯ ಸಾಲಿನವರೆಗೆ ಅಲ್ಲಾಡದೆ ನಿಂತಳು. ಅದು ಮುಗಿಯುತ್ತಿದ್ದಂತೆ, ಜನ ಚಪ್ಪಲಿ ಹುಡುಕುವ ಮುಂಚೆ, ಬಿಟ್ಟಲ್ಲಿಂದಲೇ ಎತ್ತಿಕೊಂಡಳು.

“...ಶತ್ರುವಿನಿಂದ ಅಲ್ಲ. ನಮ್ಮನ್ನು ಕಾಪಾಡಲಿಕ್ಕೆ ಮಾಡಿದ ಯೋಜನೆಯಿಂದ. ಅವಳು ಕೂಗಿದಳು. ನಾನು ಹೋಗಿ ಹೇಳಿದೆ. ಅತಿಥಿಗಳು ಬರುವವರೆಗೆ ತಡೆದುಕೊಳ್ಳಲಿ ಅಂದ್ರು. ಬಾಂಬು ಬಿದ್ದ ದಿನವೂ ನಾವು ಅತಿಥಿಗಳಿಗಾಗಿ ಕಾಯಬೇಕಾ?”

ಮೈಕು ಸತ್ತಿತು. ಯಾರೋ ತಂತಿ ಎಳೆದಿದ್ದರು. ಮುಂದಿನ ಕೆಲವು ಸಾಲಿನವರಿಗಷ್ಟೇ ಉಳಿದದ್ದು ಕೇಳಿಸಿತು. ಹಿಂದಿನವರು ಎಂತದು, ಎಂತದು ಎಂದು ಒಬ್ಬರನ್ನೊಬ್ಬರು ಕೇಳುತ್ತಾ ಬಸ್ಸಿಗೆ ಹೊರಟರು. ಅವಳು ಪ್ರಶಸ್ತಿಪತ್ರವನ್ನು ಮೇಜಿನ ಮೇಲಿಟ್ಟು ಇಳಿದು ಬಂದಳು.

ಆ ವಾರವೇ ದಳದಿಂದ ಅವಳ ಹೆಸರು ಹೋಯಿತು. ಅಕ್ಕು ಮತ್ತು ಉಳಿದ ಹೆಂಗಸರು ತಾವಾಗಿಯೇ ಬಿಟ್ಟರು. ಅಕ್ಕು ತನ್ನ ಸಮವಸ್ತ್ರವನ್ನು ಬಿಚ್ಚಿ ಮೀನಿನ ಬುಟ್ಟಿಗೆ ಸಿಂಬಿ ಮಾಡಿಕೊಂಡಳೆಂದು ಊರಲ್ಲಿ ಮಾತಾಯಿತು. ವರ್ಷ ತುಂಬುವ ಮೊದಲು ಶೇಖರನಿಗೆ ಕಾರ್ಕಳಕ್ಕೆ ವರ್ಗವಾಯಿತು. ಕಾರಣ ಕೇಳಿದರೆ ಆಡಳಿತದ ಅನುಕೂಲ ಎಂದರು. ಅವನು ಮನೆಗೆ ಬಂದು ಸುದ್ದಿ ಹೇಳುವಾಗ ಹೆಂಡತಿಯನ್ನು ದೂರಲಿಲ್ಲ. “ಅಲ್ಲಿ ಸೆಕೆ ಸ್ವಲ್ಪ ಕಮ್ಮಿಯಂತೆ,” ಎಂದ. ಮನೋರಮಾಳಿಗೆ ಕಣ್ಣಲ್ಲಿ ನೀರು ಬಂದದ್ದು ಆಗ.

ಹೊರಡುವ ದಿನ ಸೋಫಿಯಾ ಕೋಲೂರಿಕೊಂಡು ಬೇಲಿಯವರೆಗೆ ಬಂದಳು. ಎಡಗಾಲು ಗಿಡ್ಡವಾಗಿತ್ತು. ಅವಳಿಗೆ ಈಗ ಕಟ್ಟೆಗೆ ನಡೆಯಲು ಆಗುತ್ತಿರಲಿಲ್ಲ. ಹೂವನ್ನು ಬೇರೆಯವರ ಕೈಯಲ್ಲಿ ಕಳುಹಿಸುತ್ತಿದ್ದಳು. ಸಮಿತಿಯಿಂದ ಒಬ್ಬರೂ ಅವಳ ಅಂಗಳಕ್ಕೆ ಬಂದಿರಲಿಲ್ಲ.

“ನನ್ನಿಂದಾಗಿ ನಿಮ್ಮ ಸಂಸಾರ ಗುಳೆ ಹೊರಟಿತು,” ಎಂದಳು.

“ನಿನ್ನಿಂದ ಅಲ್ಲ,” ಎಂದಳು ಮನೋರಮಾ. “ಯಾರಿಂದ ಅಂತ ನಿನಗೂ ಗೊತ್ತುಂಟು, ನನಗೂ ಗೊತ್ತುಂಟು. ಅವರಿಗೂ ಗೊತ್ತುಂಟು. ಅದನ್ನು ಬಾಯಿ ಬಿಟ್ಟು ಹೇಳುವ ಒಬ್ಬ ಗಂಡಸು ಸಿಕ್ಕಲಿಲ್ಲ ನೋಡು.”

ಕಾರ್ಕಳದಲ್ಲಿ ಬಾಡಿಗೆಯ ಮನೆಯ ಜಗಲಿಯಲ್ಲಿ ಮೆಷಿನು ಮತ್ತೆ ಓಡಿತು. ಹೊಸ ಗಿರಾಕಿಗಳು, ಹೊಸ ಅಳತೆಗಳು. ಅರವತ್ತೇಳರ ಜನವರಿಯಲ್ಲಿ ಊರಿನ ಹೊರಗಿನ ಮೈದಾನದಲ್ಲಿ ಅಣಕು ದಾಳಿ ನಡೆಯಲಿದೆ ಎಂದು ಡಂಗುರ ಸಾರಿದರು. ಮನೋರಮಾ ಹೊಲಿಯುತ್ತಿದ್ದ ಬಟ್ಟೆಯನ್ನು ಅಲ್ಲೇ ಬಿಟ್ಟು, ಬಾಗಿಲಿಗೆ ಚಿಲಕ ಹಾಕಿ, ಹೋದಳು.

ಯೋಜನೆ ಅದೇ ಕ್ಯಾಪ್ಟನ್ನರದು. ಮೀಸೆ ಇನ್ನಷ್ಟು ಬೆಳ್ಳಗಾಗಿತ್ತು. ಅವಳನ್ನು ಕಂಡದ್ದೇ ಗುರುತು ಹಿಡಿದರು. ಸ್ವಲ್ಪ ಹೊತ್ತು ಅತ್ತಿತ್ತ ಹೋಗಿ, ಕೊನೆಗೆ ಅವಳ ಬಳಿಗೆ ಬಂದರು.

“ಈಗ ಪ್ರತಿಯೊಬ್ಬ ಗಾಯಾಳುವಿನ ಕೊರಳಿಗೂ ಒಂದು ಸೀಟಿ ಕಟ್ಟುತ್ತೇವೆ,” ಎಂದರು. “ನಿಜವಾಗಿ ಏನಾದರೂ ಆದರೆ ಅವರು ಊದಬೇಕು. ಊದಿದ ಕೂಡಲೇ ಎಲ್ಲವನ್ನೂ ನಿಲ್ಲಿಸುತ್ತೇವೆ. ಯಾರು ಬಂದಿದ್ದರೂ ಸರಿ, ಬರದಿದ್ದರೂ ಸರಿ. ಜಿಲ್ಲೆಗೆಲ್ಲ ಹೀಗೇ ಮಾಡಿಸಿದ್ದೇನೆ.”

“ಯಾರು ಹೇಳಿದ್ದು ಅಂತ ಬರೆದಿದ್ದೀರಾ?”

ಕ್ಯಾಪ್ಟನ್ ಮೈದಾನದ ಕಡೆಗೆ ನೋಡಿದರು.

“ನನ್ನ ಹೆಸರು ಬೇಡ,” ಎಂದಳು. “ಸೋಫಿಯಾಳದು ಉಂಟಾ?”

“ಇಲ್ಲ.”

“ಕಾಪುವಿಗೆ ಹೋಗಿ ಅವಳಿಗೆ ಹೇಳಿದ್ದೀರಾ?”

ಕ್ಯಾಪ್ಟನ್ ಬೆತ್ತವನ್ನು ಒಂದು ಕಂಕುಳಿನಿಂದ ಇನ್ನೊಂದು ಕಂಕುಳಿಗೆ ಬದಲಿಸಿದರು. “ಹೋಗಬೇಕಾಗಿತ್ತು,” ಎಂದರು. ಅಷ್ಟು ಹೇಳಿ, ಕೆಲಸವಿದೆ ಎಂದು ಹೊರಟುಹೋದರು.

ಮನೋರಮಾಳಿಗೆ ಸಮಾಧಾನವಾಗಲಿಲ್ಲ. ಸೀಟಿ ಒಳ್ಳೆಯದೇ. ಆದರೆ ಹಳ್ಳಕ್ಕೆ ಬಿದ್ದವಳನ್ನು ಎತ್ತದೆ ಹಳ್ಳಕ್ಕೆ ಬೇಲಿ ಹಾಕಿದ ಹಾಗಾಯಿತು ಎಂದುಕೊಂಡಳು. ಅವಳು ಮನೆಗೆ ತಿರುಗಲಿಲ್ಲ. ಮಲಗಲು ತಯಾರಾಗುತ್ತಿದ್ದ ಗಾಯಾಳುಗಳ ನಡುವೆ ನಡೆದು ಒಬ್ಬೊಬ್ಬರನ್ನೇ ನೋಡಿದಳು. ಎಲ್ಲರ ಕೊರಳಲ್ಲೂ ಸೀಟಿ ಇತ್ತು. ಕೊನೆಯಲ್ಲಿ ಕುಶಲಾ ಎಂಬ ಹುಡುಗಿ ಮಲಗಿದ್ದಳು, ಬೀಡಿ ಕಟ್ಟುವವಳು. ಸೀಟಿ ಅವಳ ಎದೆಯ ಮೇಲೂ ಇತ್ತು. ಆದರೆ ಅವಳ ಚೀಟಿಯ ಪ್ರಕಾರ ಎರಡೂ ಕೈ ಸುಟ್ಟಿತ್ತು. ದಳದವರು ಬೆರಳ ತುದಿಯಿಂದ ಭುಜದವರೆಗೆ ಎರಡನ್ನೂ ಬಟ್ಟೆ ಸುತ್ತಿ ಮೈಗೆ ಬಿಗಿದು ಕಟ್ಟಿದ್ದರು.

“ಸೀಟಿ ಊದುವುದು ಹೇಗೆ ನೀನು?” ಎಂದು ಮನೋರಮಾ ಕೇಳಿದಳು.

ಹುಡುಗಿ ಕೈ ಎತ್ತಲು ನೋಡಿದಳು, ಆಗಲಿಲ್ಲ. ಗಲ್ಲ ಬಗ್ಗಿಸಿ ಬಾಯಿಗೆ ಎಟುಕಿಸಲು ನೋಡಿದಳು, ಅದೂ ಆಗಲಿಲ್ಲ. “ಅದು ಹೌದಲ್ಲ,” ಎಂದು ನಕ್ಕಳು.

ಒಬ್ಬ ಗೃಹರಕ್ಷಕ ಓಡಿ ಬಂದು ಪ್ರೇಕ್ಷಕರು ಇಲ್ಲಿ ನಿಲ್ಲಬಾರದು ಎಂದ. ಮನೋರಮಾ ನಿಲ್ಲಲಿಲ್ಲ, ಹುಡುಗಿಯ ತಲೆಯ ಪಕ್ಕದಲ್ಲಿ ನೆಲದ ಮೇಲೆ ಕುಳಿತಳು. ಅವನು ಕ್ಯಾಪ್ಟನ್ನರ ಕಡೆ ನೋಡಿದ. ಕ್ಯಾಪ್ಟನ್ ದೂರದಿಂದ ಎಲ್ಲವನ್ನೂ ನೋಡಿ, ಇರಲಿ ಎಂಬಂತೆ ಕೈ ಮಾಡಿದರು.

“ಯಾರು ನೀವು? ಎಂತ ಗಾಯ ನಿಮಗೆ?” ಎಂದು ಗೃಹರಕ್ಷಕ ಕೇಳಿದ.

“ನನಗೆ ಎಂತ ಗಾಯವೂ ಇಲ್ಲ. ಇವಳು ಎದ್ದು ಮನೆಗೆ ಹೋಗುವವರೆಗೆ ನಾನು ಇಲ್ಲೇ ಇರ್ತೇನೆ. ನೀನು ನಿನ್ನ ಕೆಲಸ ನೋಡು ಮಾರಾಯ.”

ಗರ್ನಾಲು ಸಿಡಿಯಿತು. ಹೊಗೆ ಬಂದು ಇಬ್ಬರನ್ನೂ ಮುಚ್ಚಿತು. ಹುಡುಗಿ ಕೆಮ್ಮಿದಳು, ಆಮೇಲೆ ಕಲಿಸಿದ್ದನ್ನು ಕನ್ನಡದಲ್ಲಿ ಜೋರಾಗಿ ಕೂಗತೊಡಗಿದಳು. ಮನೋರಮಾ ಸೆರಗಿನಿಂದ ಅವಳ ಕಣ್ಣಿನ ಮೇಲಿನ ಬೂದಿ ಒರೆಸಿ, ಸ್ಟ್ರೆಚರು ಬರುವವರೆಗೆ ಮೈದಾನದ ಆಚೆಗಿನ ಅತಿಥಿಗಳ ಚಪ್ಪರವನ್ನು ದುರುಗುಟ್ಟಿ ನೋಡುತ್ತಾ ಕುಳಿತಿದ್ದಳು.